ಬೆನ್ನು ಒಪ್ಪಿದ ಹಾಸಿಗೆ

ದೇವರು ಮನುಷ್ಯನ ಬೆನ್ನನ್ನು ಹಿಂದುಗಡೆ ಇಟ್ಟದ್ದು ಬಹಳ ಜಾಣತನ. ಮುಂದೆ ಇಟ್ಟಿದ್ದರೆ ನಾವು ದಿನಾ ಕನ್ನಡಿಯಲ್ಲಿ ಅದನ್ನು ನೋಡಿ, ಅದಕ್ಕೂ ಒಂದಿಷ್ಟು ಪೌಡರು ಬಳಿದು, ನೆರೆಮನೆಯವರ ಬೆನ್ನಿನ ಜೊತೆ ಹೋಲಿಸಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಹಿಂದೆ ಇರುವುದರಿಂದ ಅದೊಂದು ಇದೆ ಎಂಬ ನೆನಪೇ ನಮಗಿರುವುದಿಲ್ಲ. ಅದಕ್ಕೆ ನೋವು ಬಂದ ದಿನ ಮಾತ್ರ ಕಣ್ಣು, ಮೂಗು, ಹೊಟ್ಟೆ ಎಲ್ಲ ಮರೆತುಹೋಗಿ, ತಲೆಯಿಂದ ಕಾಲಿನವರೆಗೆ ನಾನು ಬರೀ ಬೆನ್ನು ಎನ್ನಿಸಿಬಿಡುತ್ತದೆ. ಇದು ಮುದುಕರ ಅನುಭವ ಎಂದು ನೀವು ಅಂದುಕೊಂಡರೆ ತಪ್ಪು. ನನಗಿನ್ನೂ ಮೀಸೆ ಸರಿಯಾಗಿ ದಟ್ಟವಾಗುವ ಮುಂಚೆಯೇ ಈ ಜ್ಞಾನೋದಯವಾಯಿತು.

ನಾನು ಫೋರ್ಟಿನ ಒಂದು ಕಂಪನಿಯಲ್ಲಿ ಗುಮಾಸ್ತ. ಊರು ಮೈಸೂರು, ವಾಸ ವಡಾಲದಲ್ಲಿ, ಅಕ್ಕ-ಭಾವನವರ ಮನೆಯಲ್ಲಿ. ಹೊಟ್ಟೆಪಾಡು ಗುಮಾಸ್ತಿಕೆಯಾದರೂ ನನ್ನ ನಿಜವಾದ ಕಸುಬು ಕಂಡಕಂಡವರನ್ನು ಅನುಕರಣೆ ಮಾಡಿ ತೋರಿಸುವುದು. ಭಾವನವರು ಸೀನುವುದಕ್ಕೆ ಮುಂಚೆ ಮುಖದಲ್ಲಿ ಮಾಡಿಕೊಳ್ಳುವ ಭಾರೀ ಸಿದ್ಧತೆ, ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲು ನಡೆಸುವ ಶೆಟ್ಟರು ಕಾಫಿ ಮುಗಿದ ಮೇಲೂ ಕೂತಿರುವ ಗಿರಾಕಿಯನ್ನು ಎಬ್ಬಿಸಲು ಮಾಡುವ ನಮಸ್ಕಾರ, ಎಲ್ಲ ನನಗೆ ಬಾಯಿಪಾಠ. ಆದರೆ ಆಫೀಸಿನವರು ಮತ್ತೆ ಮತ್ತೆ ಕೇಳಿ ಮಾಡಿಸುತ್ತಿದ್ದದ್ದು ನಮ್ಮ ಹೆಡ್‌ಕ್ಲಾರ್ಕು ಧಾರವಾಡದ ಕುಲಕರ್ಣಿಯವರ ಬೆನ್ನುನೋವನ್ನು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಎದುರು ಸಿಕ್ಕ ಮೇಜಿನ ಮೇಲೆ, ಮುಖ ಮಾತ್ರ ಬಸ್ಸು ತಪ್ಪಿಸಿಕೊಂಡವನ ಹಾಗೆ ಮುಂದಕ್ಕೆ. ನಾನು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದೆನೆಂದರೆ, ಬೆನ್ನಿಗೆ ಯಾರು ಯಜಮಾನರು ಎಂಬ ಗೊಂದಲ ಉಂಟಾಗಿರಬೇಕು. ಒಂದು ಬೆಳಗ್ಗೆ ಹಾಸಿಗೆ ಸುತ್ತಲು ಬಗ್ಗಿದವನು ಹಾಗೇ ಉಳಿದುಬಿಟ್ಟೆ.

"ಅಕ್ಕಾ!" ಎಂದು ಕೂಗಿದೆ.

ಅಕ್ಕ ಬಂದು ನೋಡಿ, "ಸಾಕು ಏಳೋ, ಕುಲಕರ್ಣಿ ಆಟ ಆಮೇಲೆ ಆಡುವೆಯಂತೆ. ಹಾಲಿನವನು ಬಂದಿದ್ದಾನೆ" ಎಂದು ಕೈಗೆ ಪಾತ್ರೆ ಕೊಟ್ಟಳು.

ಅದೇ ಭಂಗಿಯಲ್ಲಿ ಆಫೀಸು ಸೇರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುತ್ತಿದ್ದವರು ಒಮ್ಮೆಲೇ ನಿಲ್ಲಿಸಿದ್ದು ನೋಡಿ ಕತ್ತು ಮಾತ್ರ ಹೊರಳಿಸಿದರೆ, ಹಿಂದೆ ಕುಲಕರ್ಣಿಯವರೇ ನಿಂತಿದ್ದಾರೆ, ಸೊಂಟದ ಮೇಲೆ ಅದೇ ಕೈ.

"ಏನ್ರೀ, ಮುಂಜಾನಿಂದನ ಚಾಲೂ ಮಾಡೀರೇನು ನಾಟಕ?"

"ಇಲ್ಲ ಸಾರ್, ನಿಜವಾಗಿ ನೋಯ್ತಿದೆ."

"ಅಗದೀ ಛಲೋ ಮಾಡ್ತೀರಿ ಬಿಡ್ರಿ. ನನಗಿಂತ ಛಲೋ ಮಾಡ್ತೀರಿ" ಎಂದು ಅವರು ಮೇಜು ಹಿಡಿಯುತ್ತ ಹೋದರು. ನಾನೂ ಮೇಜು ಹಿಡಿಯುತ್ತ ಹಿಂದೆ ಹೋದೆ, ನನ್ನ ಕುರ್ಚಿ ಇದ್ದದ್ದು ಆ ಕಡೆಗೇ. ನೋಡಿದವರಿಗೆ ಏನನ್ನಿಸಿತೋ ನೀವೇ ಊಹಿಸಿ.

ನೋವಿನದು ಒಂದು ಚಿಂತೆಯಾದರೆ, ಬರುವ ಭಾನುವಾರದ್ದು ಇನ್ನೊಂದು. ಅಂದು ಸಾಂತಾಕ್ರೂಜಿನಲ್ಲಿ ನಾನು ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿಯ ಹೆಸರು ವಿಮಲಾ. ಹಿಂದೊಮ್ಮೆ ಮಾಟುಂಗದ ಒಂದು ಮದುವೆಯಲ್ಲಿ ನಾನು ಊಟದ ಪಂಕ್ತಿಯ ಮಧ್ಯೆ ಪುರೋಹಿತರ ಅನುಕರಣೆ ಮಾಡಿದಾಗ, ಪುರೋಹಿತರೂ ಸೇರಿ ಎಲ್ಲರೂ ನಕ್ಕಿದ್ದರು. ಅವಳೊಬ್ಬಳು ನನ್ನನ್ನೇ ನೋಡುತ್ತ ಸುಮ್ಮನೆ ಕೂತಿದ್ದಳು. ಅಂದಿನಿಂದ ನನಗೆ ಅವಳದೇ ಧ್ಯಾನ. ಅಕ್ಕ ಓಡಾಡಿ ಮಾತು ಇಲ್ಲಿಯವರೆಗೆ ತಂದಿದ್ದಳು. ಈಗ ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಹೋಗಿ ನಿಂತರೆ ಹುಡುಗಿ ಏನೆಂದು ಉತ್ತರ ಕೊಟ್ಟಾಳು?

ನೋವು ನಿಜವೆಂದು ಅಕ್ಕ ನಂಬಿದ್ದು ಮಾರನೆಯ ದಿನ, ನಾನು ಮಸಾಲೆದೋಸೆ ಬೇಡವೆಂದಾಗ. ಕೂಡಲೇ ತಪ್ಪೆಲ್ಲ ಹಾಸಿಗೆಯದು ಎಂದು ತೀರ್ಮಾನವಾಯಿತು. ಅದು ಅವಳ ಮದುವೆಯ ಕಾಲದ ಹತ್ತಿ ಹಾಸಿಗೆ. ಗಂಟುಗಂಟಾಗಿ, ನಡುವೆ ಒಂದು ಘಟ್ಟ, ಅದರ ಪಕ್ಕ ಒಂದು ಕಣಿವೆ. ಸುದ್ದಿ ಕೇಳಿ ಶೆಟ್ಟರು ಊರಿನಿಂದ ತರಿಸಿದ್ದ ತೆಂಗಿನ ನಾರಿನ ಹಾಸಿಗೆಯನ್ನು ಹೊತ್ತು ತಂದರು. "ಇದರಲ್ಲಿ ಒಮ್ಮೆ ಮಲಗಿ ನೋಡಿ ಮಾರಾಯ್ರೆ. ಮತ್ತೆ ಏಳ್ಲಿಕ್ಕೇ ಮನಸ್ಸು ಬರುದಿಲ್ಲ" ಎಂದರು. ಅವರ ಮಾತು ಅರ್ಧ ನಿಜವಾಯಿತು. ಬೆಳಗ್ಗೆ ಏಳಲು ಮನಸ್ಸು ಇತ್ತು, ಬೆನ್ನು ಇರಲಿಲ್ಲ. ನಾರೆಲ್ಲ ಚಾದರ ದಾಟಿ ಬನಿಯನ್ನಿನ ಒಳಗೆ ಬಂದು, ಸ್ನಾನ ಮಾಡುವಾಗ ಬೇರೆ ನಾರು ಬೇಕಾಗಲಿಲ್ಲ.

ಕೊನೆಗೆ ಪಿಂಜಾರನನ್ನು ಕರೆಸಿ ಹಳೆಯ ಹಾಸಿಗೆಯನ್ನೇ ಬಿಚ್ಚಿ ಹೊಸದಾಗಿ ತುಂಬಿಸುವುದೆಂದಾಯಿತು. ಅವನು ಬಿಲ್ಲಿನಂಥ ತನ್ನ ಯಂತ್ರವನ್ನು ಡಂಯ್ ಡಂಯ್ ಎನಿಸುತ್ತ ಅಂಗಳವೆಲ್ಲ ಹತ್ತಿ ಹಾರಿಸಿ, "ನರಮ್ ಚಾಹಿಯೇ ಯಾ ಸಖ್ತ್?" ಎಂದ. ಅಕ್ಕ "ನರಮ್" ಎಂದಳು. ಭಾವನವರು "ಸಖ್ತ್" ಎಂದರು. ಗಂಡ ಹೆಂಡಿರ ನಡುವೆ ನಾನೇಕೆ ಬರಲಿ ಎಂದು ಆ ಸಭ್ಯ ಮನುಷ್ಯ ಇಬ್ಬರಿಗೂ ತಲೆಯಾಡಿಸಿ, ತಲೆಯ ಕಡೆ ಭಾವನವರ ಇಷ್ಟದಂತೆ ಗಟ್ಟಿಯಾಗಿಯೂ ಕಾಲಿನ ಕಡೆ ಅಕ್ಕನ ಇಷ್ಟದಂತೆ ಮೆತ್ತಗೂ ತುಂಬಿ ಹೊಲಿದು ಹೋದ. ಅದರ ಮೇಲೆ ಮಲಗಿದಾಗ, ಬಂದರಿನಲ್ಲಿ ಹಿಂಬದಿಯಿಂದ ಮುಳುಗುತ್ತಿರುವ ಹಡಗಿನ ಕಪ್ತಾನನಂತೆ ಕಾಣುತ್ತಿದ್ದೆನಂತೆ. ಹಾಗೆಂದು ವರ್ಣಿಸಿದವರು ಭಾವನವರು. ನನ್ನ ಸಹವಾಸದಿಂದ ಅವರಿಗೂ ನಾಲಿಗೆ ಬೆಳೆಯುತ್ತಿತ್ತು.

ಹೀಗೆ ಹಾಸಿಗೆ ಸಿಗದೆಯೇ ಭಾನುವಾರ ಬಂತು. ಅಕ್ಕ, ಭಾವನವರು, ನಾನು ದಾದರಿನಲ್ಲಿ ಲೋಕಲ್ ರೈಲು ಹತ್ತಿದೆವು. ಕೂರಲು ಜಾಗವಿಲ್ಲ. ಬಗ್ಗಿ ನಿಂತಿದ್ದ ನನ್ನ ಬೆನ್ನಿನ ಮೇಲೆ ಯಾರೋ ಮಹಾನುಭಾವರು ಪೇಪರು ಹರಡಿಕೊಂಡು ಬಾಂದ್ರಾದವರೆಗೆ ಓದಿದರು. ಪುಟ ತಿರುವುವಾಗ ನನಗೆ ಸ್ವಲ್ಪ ಹಾಯೆನಿಸುತ್ತಿದ್ದರಿಂದ ನಾನೂ ಸುಮ್ಮನಿದ್ದೆ.

ವಿಮಲೆಯ ಮನೆಯಲ್ಲಿ ನಮ್ಮನ್ನು ಕೂರಿಸಿ ಉಪ್ಪಿಟ್ಟು ಕೊಟ್ಟರು. ಅಷ್ಟರಲ್ಲಿ ಅವಳ ತಂದೆ ರಾಮಸ್ವಾಮಯ್ಯನವರು ಒಳಗಿನಿಂದ ಬಂದರು. ಅವರನ್ನು ನೋಡಿ ನನ್ನ ಕೈಯ ಚಮಚ ನಿಂತಿತು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ. "ಅಮ್ಮಾ..." ಎನ್ನುತ್ತ ಬಗ್ಗಿಕೊಂಡೇ ನಡೆದು ಬಂದರು. ಇವರಿಗೂ ಬೆನ್ನುನೋವು! ಈ ಸಂಗತಿಯನ್ನು ನಮಗೆ ಯಾರೂ ಹೇಳಿರಲಿಲ್ಲ. ದೊಡ್ಡವರು ಬಂದಾಗ ಕೂತಿರಬಾರದಲ್ಲ, ನಾನು ಎದ್ದೆ. ಒಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು, ಇನ್ನೊಂದು ಕುರ್ಚಿಗೆ. "ಅಮ್ಮಾ..." ಎಂದೆ.

ಅಡಿಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಭೇಷ್" ಎಂದರು ರಾಮಸ್ವಾಮಯ್ಯನವರು. "ಹುಡುಗ ಯಾರನ್ನ ಬೇಕಾದರೂ ಆಡಿ ತೋರಿಸ್ತಾನೆ ಅಂತ ಕೇಳಿದ್ದೆ. ನಾನು ಬಂದು ಇನ್ನೂ ಕೂತೂ ಇಲ್ಲವಲ್ಲಪ್ಪ!"

"ಇದು ನಿಜವಾದ ನೋವು ಸಾರ್, ಆಣೆಗೂ."

"ನನ್ನ ದನಿಯಲ್ಲೇ ಹೇಳ್ತಾ ಇದ್ದೀಯಲ್ಲ!"

ನಿಜ. ಹೆದರಿಕೆಯಾದರೆ ಎದುರಿಗಿರುವವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ಭಾವನವರು ಮಧ್ಯೆ ಬಂದು, "ಇಲ್ಲ ರಾಯರೇ, ಪಾಪ, ವಾರದಿಂದ ಹೀಗೇ ಇದ್ದಾನೆ. ಹಾಸಿಗೆ ಮೇಲೆ ಹಾಸಿಗೆ ಬದಲಾಯಿಸಿದೀವಿ, ಯಾವುದೂ ಆಗಿಬರಲಿಲ್ಲ" ಎಂದರು. ಹಾಸಿಗೆ ಎಂಬ ಮಾತು ಕೇಳುತ್ತಲೇ ರಾಮಸ್ವಾಮಯ್ಯನವರ ಮುಖ ಬದಲಾಯಿತು. "ಹೌದೇನು? ಹಾಗಾದರೆ ಒಳಗೆ ಬಾ" ಎಂದರು.

ಒಳಗೆ ಒಂದು ಮಂಚ. ಗೋಡೆಗೆ ಒರಗಿ ಸುತ್ತಿಟ್ಟ ಮೂರು ಹಾಸಿಗೆಗಳು. ನನ್ನಂತೆಯೇ ಅವರೂ ಅಲೆದು ಕೂಡಿಸಿದ ಆಸ್ತಿ ಅದು. "ಒಂದೊಂದರ ಮೇಲೂ ಮಲಗು. ನಿನಗೆ ಯಾವುದು ಸರಿ ಹೇಳು. ನಿಜಾನೋ ನಾಟಕಾನೋ ನಾನು ನೋಡ್ತೀನಿ."

ಲೋಕದಲ್ಲಿ ಹೆಣ್ಣು ನೋಡಲು ಹೋದ ಗಂಡುಗಳು ಹುಡುಗಿಯಿಂದ ಹಾಡು ಹೇಳಿಸುತ್ತಾರೆ. ಇಲ್ಲಿ ನಾನು ಇಸ್ತ್ರಿ ಮಾಡಿದ ಷರಾಯಿ ಸಮೇತ ಮಂಚದ ಮೇಲೆ ಮಲಗಿದ್ದೇನೆ. ಸುತ್ತ ಎರಡು ಕಡೆಯ ಹಿರಿಯರು ನಿಂತು ನೋಡುತ್ತಿದ್ದಾರೆ. ಭಾವನವರು ಎರಡು ತಟ್ಟೆ ಉಪ್ಪಿಟ್ಟು ಹಿಡಿದಿದ್ದಾರೆ, ನನ್ನದೊಂದು, ಅವರದೊಂದು. ಮೊದಲನೆಯದು ಬೂರುಗದ ಹತ್ತಿಯದು. ಎಷ್ಟು ಮೆತ್ತಗೆಂದರೆ ನಾನು ಒಳಕ್ಕೆ ಇಳಿದುಹೋಗಿ ಹಿರಿಯರ ಗಲ್ಲಗಳು ಮಾತ್ರ ಕಾಣಿಸಿದವು. "ಆಹಾ, ಸುಖವಾಗಿದೆ ಅನ್ನೋ" ಎಂದು ಅಕ್ಕ ಪಿಸುಗುಟ್ಟಿದಳು. ಹೇಳಲು ಬಾಯಿ ತೆರೆದರೆ, "ಅಯ್ಯಯ್ಯೋ, ಮೇಲೆತ್ತಿ" ಎಂಬುದೇ ಹೊರಬಂತು. ಎರಡನೆಯದು ನಾರಿನದು, ಅದರ ಅಂಚು ಕಂಡೇ ಬನಿಯನ್ನಿನೊಳಗೆ ನವೆ ಶುರುವಾಯಿತು. ಮೂರನೆಯದು ಮಂಚದ ಮೇಲೆ ಹಲಗೆ ಹಾಸಿ, ಅದರ ಮೇಲೆ ಬೆರಳು ದಪ್ಪದ ಹತ್ತಿ ಹಾಸಿಗೆ. ಬಡ ಬ್ರಹ್ಮಚಾರಿಯ ಹಾಸಿಗೆಯಂತೆ ಬಡಕಲಾಗಿತ್ತು. ಮಲಗಿದೆ. ಒಂದು ವಾರದಿಂದ ಜಗಳವಾಡುತ್ತಿದ್ದ ಮೂಳೆಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಮನೆಗೆ ಹೋದವು. ಇದೇ ಎಂದು ಹೇಳಬೇಕೆಂದುಕೊಂಡೆ. ಹೇಳಿದೆನೋ ಇಲ್ಲವೋ ಗೊತ್ತಿಲ್ಲ.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಅಕ್ಕ ಮಂಚದ ಪಕ್ಕದಲ್ಲಿ ಸಾವಿನ ಮನೆಯವರ ಹಾಗೆ ಕೂತಿದ್ದಳು. "ಹುಡುಗಿ ಕಾಫಿ ತಂದಳು ಕಣೋ. ನಿನ್ನ ಮುಂದೆ ನಿಂತಳು. ವಾಪಸ್ಸು ತಗೊಂಡು ಹೋದಳು. ಎಷ್ಟು ಚಿವುಟಿದರೂ ಏಳಲಿಲ್ಲವಲ್ಲೋ ನೀನು!" ಇಷ್ಟು ದಿನ ಆಸೆಪಟ್ಟು, ಕೊನೆಗೆ ಅವಳು ಎದುರು ನಿಂತ ಗಳಿಗೆಯಲ್ಲಿ ಬಾಯಿ ತೆರೆದು ಮಲಗಿದ್ದೆ!

ಆದರೆ ರಾಮಸ್ವಾಮಯ್ಯನವರು ಹೊಸ ಸಂಬಂಧಿಯನ್ನು ಕಂಡವರಂತೆ ಬೀಗುತ್ತಿದ್ದರು. "ನಾಟಕದವನಾದರೆ ಮೆತ್ತನೇದರ ಮೇಲೆ ಆಹಾ ಓಹೋ ಅಂತಿದ್ದ. ಇವನು ನಮ್ಮವನು! ವಿಮಲಾನೂ ಒಪ್ಪಿದ್ದಾಳೆ. ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಮಗಳನ್ನ ಕೊಡ್ತೀನಿ, ಆ ಹಾಸಿಗೆ ಮಾತ್ರ ಕೊಡೋದಿಲ್ಲ."

ಮದುವೆಯಾಯಿತು. ಈಗ ಪ್ರತಿ ಭಾನುವಾರ ನಾನು ತಪ್ಪದೆ ಮಾವನವರ ಮನೆಗೆ ಹೋಗುತ್ತೇನೆ. ಎಂಥ ಪ್ರೀತಿಯ ಅಳಿಯ ಎಂದು ಅವರ ಬಿಲ್ಡಿಂಗಿನವರು ಮೆಚ್ಚುತ್ತಾರೆ. ಮಾವನವರು ಒಳಗೆ ನಿದ್ದೆ ಮುಗಿಸುವವರೆಗೆ ನಾನು ಹೊರಗೆ ಕುರ್ಚಿಯಲ್ಲಿ ಪಾಳಿ ಕಾಯುವುದು ಅವರಿಗೆ ತಿಳಿಯದು.

ಅಂದು ಕಾಫಿ ವಾಪಸ್ಸು ಒಯ್ದವಳು ನನ್ನನ್ನು ಹೇಗೆ ಒಪ್ಪಿದೆ ಎಂದು ವಿಮಲೆಯನ್ನು ಮೊನ್ನೆ ಕೇಳಿದೆ. ರೂಪ ಎನ್ನುತ್ತಾಳೆಂದು ಆಸೆಯಿತ್ತು.

"ಮಾಟುಂಗದಲ್ಲಿ ನೋಡಿದಾಗ ನಿಮ್ಮ ಬಾಯಲ್ಲಿ ಎಲ್ಲರ ದನಿಯೂ ಇತ್ತು, ನಿಮ್ಮದು ಯಾವುದು ಅಂತಲೇ ತಿಳೀಲಿಲ್ಲ" ಎಂದಳು. "ಅವತ್ತು ಗೊರಕೆ ಹೊಡೀತಾ ಮಲಗಿದ್ರಲ್ಲ, ಇದು ಮಾತ್ರ ನಿಮ್ಮದೇ ಸ್ವಂತದ್ದು ಅನ್ನಿಸಿತು. ಸರಿ, ಇಷ್ಟಾದರೂ ಇದೆಯಲ್ಲ ಅಂತ ಒಪ್ಪಿದೆ."

ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಈ ಸಂತೋಷವನ್ನು ಹಂಚಿಕೊಳ್ಳಲು ಅಕ್ಕನ ಹತ್ತಿರ ಓಡಿದೆ. ಅಕ್ಕ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡು, "ಸ್ವಂತದ್ದೇ? ಅದು ಥೇಟ್ ನಮ್ಮಪ್ಪನ ಗೊರಕೆ ಕಣೋ. ಏರುವಾಗ ಸಿಳ್ಳೆ, ಇಳಿಯುವಾಗ ಗರಗಸ. ತೊಟ್ಟಿಲಲ್ಲಿದ್ದಾಗಲೇ ನೀನು ಅವರನ್ನು ನೋಡಿ ಕಲಿತಿದ್ದೆ" ಎಂದಳು.

ವಿಮಲೆಗೆ ಮಾತ್ರ ಹೇಳಬೇಡವೆಂದು ಅಕ್ಕನ ಕಾಲು ಹಿಡಿದುಕೊಂಡಿದ್ದೇನೆ.