ಮಾದಪ್ಪನವರ ಮದುವೆಯ ಪಟ

ಮನುಷ್ಯನ ಮುಖದಲ್ಲಿ ಮೂಗಿನಷ್ಟು ತೊಂದರೆ ಕೊಡುವ ಅಂಗ ಇನ್ನೊಂದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ನಾನು ಮೂಗಿನ ಬಗ್ಗೆ ಯೋಚಿಸಿದವಳೇ ಅಲ್ಲ. ನೆಗಡಿಯಾದಾಗ ಅದು ಇದೆ ಎಂದು ಗೊತ್ತಾಗುತ್ತಿತ್ತು, ವಾಸಿಯಾದ ಮೇಲೆ ಮರೆತುಹೋಗುತ್ತಿತ್ತು. ಕೊಳ್ಳೇಗಾಲದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ನನಗೆ ಬೇಕಾದದ್ದು ಜನರ ಮೊಣಕೈಯ ಒಳಭಾಗ ಮಾತ್ರ. ಸಂತೆಯಲ್ಲಿ ಯಾರಾದರೂ ನಕ್ಕು ಮಾತನಾಡಿಸಿದರೆ ಗುರುತಾಗದೆ ತಬ್ಬಿಬ್ಬಾಗುತ್ತೇನೆ. ಅವರು ತೋಳು ಚಾಚಿ ಏನಾದರೂ ತೋರಿಸಿದರೆ ಆಗ 'ಓ, ನೀವಾ!' ಎನ್ನುತ್ತೇನೆ. ಇಂಥವಳು ಜನರ ಮುಖದ ಚಿತ್ರ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಕೂತದ್ದು ಹೇಗೆ ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ಹೋದ ವರ್ಷ ಹನೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಇಲ್ಲದ ಮೆಟ್ಟಿಲೊಂದರ ಮೇಲೆ ಕಾಲಿಟ್ಟೆ. ಪಾದದ ಗಂಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಬ್ಯಾಂಡೇಜು. ಊರುಗೋಲು ಹಿಡಿದು ಅಡುಗೆಮನೆಗೂ ಹಾಲಿಗೂ ನಡುವೆ ಓಡಾಡುತ್ತ, ಕಂಡವರ ಮೇಲೆ ರೇಗುತ್ತ ಇದ್ದ ನನ್ನನ್ನು ನೋಡಲು ಯಳಂದೂರಿನಿಂದ ಅಣ್ಣನ ಮಗಳು ರೂಪಾ ಬಂದಳು. ಬರುವಾಗ ಕಿತ್ತಳೆ ಹಣ್ಣಿನ ಜೊತೆಗೆ ಕಪ್ಪು ಸ್ಲೇಟಿನಂಥ ಒಂದು ಹಲಗೆ, ಶಾಯಿಯಿಲ್ಲದ ಒಂದು ಪೆನ್ನು ತಂದಿದ್ದಳು. "ಅತ್ತೆ, ನಂಗೆ ಟೈಮಾಗಲ್ಲ, ಸುಮ್ನೆ ಧೂಳು ತಿಂತಾ ಅದೆ. ನೀವು ಏನಾರ ಬರೀತಾ ಕೂತ್ಕೊಳಿ, ಮಾವ ಒಸಿ ಉಸಿರು ಬಿಡ್ಲಿ" ಎಂದು ಅದನ್ನು ನಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹೋದಳು. ಹಲಗೆಯ ಮೇಲೆ ಪೆನ್ನಾಡಿಸಿದರೆ ಗೆರೆ ಪರದೆಯ ಮೇಲೆ ಮೂಡುತ್ತದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮೊದಲ ದಿನ ನಾನು ಬರೆದ ವೃತ್ತವನ್ನು ನೋಡಿ ನಮ್ಮ ಯಜಮಾನರು "ಆಲೂಗಡ್ಡೆ ಚೆನ್ನಾಗದೆ" ಎಂದರು.

ಕಲಿಸುವವರು ಯಾರೂ ಇರಲಿಲ್ಲ. ಮೊಬೈಲಿನಲ್ಲಿ ಪಾಠದ ವಿಡಿಯೋಗಳು ಬೇಕಾದಷ್ಟಿದ್ದವು. ನನಗೆ ಹಿಡಿಸಿದ ಮೇಷ್ಟ್ರು ಯಾವ ದೇಶದವನೋ, ಮಾತಾಡುವುದು ಯಾವ ಭಾಷೆಯೋ ಇವತ್ತಿಗೂ ಗೊತ್ತಿಲ್ಲ. ಆದರೆ ಬಹಳ ಸಮಾಧಾನದ ಮನುಷ್ಯ. ಅವನು ನಕ್ಕಾಗ ನಾನೂ ನಗುತ್ತಿದ್ದೆ, ಅವನು ಒತ್ತಿದ್ದನ್ನು ನಾನೂ ಒತ್ತುತ್ತಿದ್ದೆ. ಲೇಯರ್ ಎಂಬುದೊಂದಿದೆ ಎಂದು ತಿಳಿದದ್ದು ಅವನಿಂದಲೇ. ಒಂದರ ಮೇಲೊಂದು ಗಾಜಿನ ಹಾಳೆ ಜೋಡಿಸಿದಂತೆ. ಒಂದರಲ್ಲಿ ಮುಖ, ಇನ್ನೊಂದರಲ್ಲಿ ಕಣ್ಣು, ಮತ್ತೊಂದರಲ್ಲಿ ಕೂದಲು ಬರೆದುಕೊಳ್ಳಬಹುದು. ಬೇಡದ ಹಾಳೆಯನ್ನು ಮರೆಮಾಡಬಹುದು. ನಾನು ಒಂದು ವಾರ ಕಷ್ಟಪಟ್ಟು ಒಬ್ಬ ಹೆಂಗಸಿನ ಚಿತ್ರ ಬರೆದು, ಯಾವುದೋ ಗುಂಡಿ ಒತ್ತಿ ಮುಖದ ಹಾಳೆಯನ್ನೇ ಮರೆಮಾಡಿಬಿಟ್ಟೆ. ಪರದೆಯ ತುಂಬ ಎರಡು ಕಣ್ಣು, ಒಂದು ಬೊಟ್ಟು, ಒಂದು ಜಡೆ ತೇಲುತ್ತಿದ್ದವು. ಅವತ್ತು ಕೆಲಸಕ್ಕೆ ಬಂದಿದ್ದ ಹೆಂಗಸು ಅದನ್ನು ಕಂಡು ಕಸಪೊರಕೆ ಅಲ್ಲೇ ಬಿಟ್ಟು ಹೊರಗೆ ಹೋದಳು.

ಮುಖ ಕಲಿಯಲು ಎದುರಿಗೆ ಒಂದು ಮುಖ ಬೇಕಲ್ಲ. ಮನೆಯಲ್ಲಿ ಇದ್ದದ್ದು ಒಂದೇ, ನಮ್ಮ ಯಜಮಾನರು ನಾಗರಾಜು ಅವರದು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬಂದು, ಕಾಫಿ ಲೋಟ ಹಿಡಿದು ಕೂತರೆ ಅಲುಗಾಡುತ್ತಿರಲಿಲ್ಲ. ಪಾಪ, ಆರು ವಾರ ದಿನಾ ಸಂಜೆ ಹಾಗೇ ಕೂತರು. ಆ ಋಣ ದೊಡ್ಡದು. ಆದರೆ ಅದರ ಫಲವಾಗಿ ನನ್ನ ಕೈಗೆ ಬೇರೆ ಮೂಗೇ ಬಾರದಂತಾಯಿತು. ಲ್ಯಾಬಿನ ಸಹೋದ್ಯೋಗಿಯೊಬ್ಬಳು ಮಗುವಿನ ನಾಮಕರಣಕ್ಕೆಂದು ಚಿತ್ರ ಬರೆಸಿದಳು. ಅದೇ ನನ್ನ ಮೊದಲ ಆರ್ಡರು. ನೋಡಿದವಳು ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆ ಮಾಡಿ, "ಅಕ್ಕ, ಚೆನ್ನಾಗದೆ. ಆದ್ರೆ ಮಗೂನ ನೋಡುದ್ರೆ ಯಾಕೋ ನಾಗರಾಜಣ್ಣನ ಗ್ಯಾಪ್ಕ ಬತ್ತದೆ" ಎಂದಳು. ಎರಡನೆಯ ಸಲ ತಿದ್ದಿ, ಫೋಟೋ ಸ್ಟುಡಿಯೋಕ್ಕೆ ಪ್ರಿಂಟು ಹಾಕಿಸಲು ಕೊಟ್ಟರೆ ಅಲ್ಲಿನ ಮಾಲೀಕರು ಕನ್ನಡಕ ಹಣೆಗೇರಿಸಿ, "ಮೇಡಂ, ನೀವು ಬರೆದಿರೋ ಸೈಜಿಗೆ ಇದು ಬೆಂಕಿಪೊಟ್ಟಣದ ಮೇಲೆ ಬತ್ತದೆ. ಗೋಡೆಗೆ ಬೇಕು ಅಂದ್ರೆ ಮೊದ್ಲೇ ದೊಡ್ಡದಾಗಿ ತಕಂಡು ಬರೀಬೇಕು" ಎಂದರು. ಮತ್ತೆ ಮೊದಲಿನಿಂದ ಬರೆದೆ. ಆ ಮನುಷ್ಯ ಬೇಸರವಿಲ್ಲದೆ ಪಕ್ಕದಲ್ಲಿ ಕೂರಿಸಿಕೊಂಡು ಅಳತೆ, ಬಣ್ಣ ಎಲ್ಲವನ್ನೂ ಹೇಳಿಕೊಟ್ಟರು. ಪರದೆಯ ಮೇಲೆ ಕೆಂಪಗಿದ್ದ ಮಗು ಕಾಗದದ ಮೇಲೆ ಹಸಿರಾಗಿ ಬರಬಾರದೆಂದರೆ ಏನು ಮಾಡಬೇಕೆಂದು ನಾನು ಕಲಿತದ್ದು ಅವರಿಂದ.

ಕಾಲು ಸರಿಹೋಗಿ ಕೆಲಸಕ್ಕೆ ಮರಳಿದ ಮೇಲೆ ಮಾದಪ್ಪನವರು ಬಂದರು. ಮಧುವನಹಳ್ಳಿಯ ರೈತರು, ಎಪ್ಪತ್ತರ ಮೇಲಿನ ವಯಸ್ಸು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ತಿಂಗಳಿಗೊಮ್ಮೆ ಬರುತ್ತಾರೆ. ತೋಳಿನಲ್ಲಿ ಒಳ್ಳೆಯ ನರ. ಜೊತೆಗೆ ಅವರ ಹೆಂಡತಿ ಚಿನ್ನತಾಯಮ್ಮ. ಆಕೆಯ ತವರು ತಮಿಳುನಾಡಿನ ಗಡಿಯ ಪಾಲಾರಿನ ಕಡೆ; ಕನ್ನಡದ ನಡುವೆ ಒಂದೊಂದು ತಮಿಳು ಮಾತು ಬರುತ್ತದೆ. ಲ್ಯಾಬಿನ ಗೋಡೆಗೆ ಅಂಟಿಸಿದ್ದ ಮಗುವಿನ ಚಿತ್ರ ಕಂಡು, ಬರೆದವಳು ನಾನೇ ಎಂದು ತಿಳಿದು, ಮಾದಪ್ಪನವರು ತೋಳಿನ ಹತ್ತಿ ಒತ್ತಿಹಿಡಿದುಕೊಂಡೇ ಕೇಳಿದರು: "ಅವ್ವಾ, ಇಲ್ದೆ ಇರೋ ಫೋಟೋನ ಬರ್ಕೊಡಕಾಯ್ತದ?"

ಕಥೆ ಇಷ್ಟು. ಐವತ್ತು ವರ್ಷದ ಕೆಳಗೆ ಅವರ ಮದುವೆಗೆ ಪೇಟೆಯಿಂದ ಒಬ್ಬ ಫೋಟೋದವನು ಬಂದಿದ್ದ. ಬಿಸಿಲಲ್ಲಿ ನಿಲ್ಲಿಸಿ, ಕೂರಿಸಿ, ಗದ್ದ ಎತ್ತಿಸಿ, ಮಧ್ಯಾಹ್ನದವರೆಗೂ ತೆಗೆದ. ಊಟ ಮಾಡಿಕೊಂಡು ಹೋದ. ಆಮೇಲೆ ಕೇಳಿದರೆ ಫಿಲಂಗೆ ಬೆಳಕು ಬಿದ್ದು ಎಲ್ಲ ಸುಟ್ಟುಹೋಯಿತು ಎಂದ. "ಅವತ್ನಿಂದ ನಾನು ಅವನ ಅಂಗ್ಡಿ ಬೀದೀಲಿ ಒಂದು ಲೋಟ ಕಾಫಿ ಕುಡ್ದಿಲ್ಲ ಕಣವ್ವ" ಎಂದರು ಮಾದಪ್ಪನವರು. ಫೋಟೋದವನು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇವರ ಸಿಟ್ಟು ಮಾತ್ರ ಆ ಬೀದಿಯಲ್ಲಿ ಇನ್ನೂ ಬಾಗಿಲು ತೆರೆದುಕೊಂಡಿತ್ತು. ಈಗ ಮಕ್ಕಳು, ಮೊಮ್ಮಕ್ಕಳು ಸೇರಿ ಐವತ್ತನೇ ವರ್ಷದ ಊಟ ಇಟ್ಟುಕೊಂಡಿದ್ದರು. ಆ ದಿನ ಗೋಡೆಯ ಮೇಲೆ ಮದುವೆಯ ಪಟ ಇರಬೇಕು ಎಂಬುದು ಅವರ ಆಸೆ. ನಾನು ಆಗಲಿ ಎಂದೆ. ಎರಡು ಚಿತ್ರ ಬರೆದವಳ ಧೈರ್ಯ ಇಪ್ಪತ್ತು ವರ್ಷ ಬರೆದವರಿಗೂ ಇರುವುದಿಲ್ಲ.

ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದು ಹಾಲಿನಲ್ಲಿ ಕೂತರು. ಮೊಮ್ಮಗಳು ಥೇಟ್ ಅಜ್ಜಿಯ ಹಾಗೆ ಎಂದು ಆಕೆಯ ಫೋಟೋ, ಮಗ ಥೇಟ್ ಅಪ್ಪನ ಹಾಗೆ ಎಂದು ಅವನ ಫೋಟೋ ತಂದಿದ್ದರು. ಅಲ್ಲಿಯವರೆಗೆ ಸುಲಭವಾಗಿತ್ತು. ಆಮೇಲೆ ಮಾದಪ್ಪನವರು, "ಮೀಸೆ ಮಾತ್ರ ಒಸಿ ದಪ್ಪಕ್ಕೇ ಬರಿಯವ್ವ, ಅವಾಗ ಅಂಗಿತ್ತು" ಎಂದರು.

"ಯಾವ ಮೀಸೆ?" ಎಂದರು ಚಿನ್ನತಾಯಮ್ಮ. "ಇರುವೆ ಸಾಲು ಓದಂಗಿತ್ತು."

"ನೀನೆಲ್ಲಿ ನೋಡ್ದೆ? ತಲೆ ಬಗ್ಸ್ಕಂಡು ಕೂತಿದ್ದೆ."

"ನೀವು ತಾನೆ ಏನ್ ನೋಡುದ್ರಿ? ನನ್ ಸೀರೆ ಯಾವ ಬಣ್ಣ, ಯೋಳಿ ನೋಡನ."

ಮಾದಪ್ಪನವರು ಛಾವಣಿ ನೋಡಿ, ಫ್ಯಾನು ನೋಡಿ, ಕೆಂಪು ಎಂದರು. ಅದು ಅರಿಶಿನದ ಬಣ್ಣದ್ದು, ಅಂಚು ಮಾತ್ರ ಕೆಂಪು. ಐವತ್ತು ವರ್ಷದ ಸಂಸಾರದಲ್ಲಿ ಅದು ಅವತ್ತು ಹೊರಬಿತ್ತು. ನಮ್ಮ ಯಜಮಾನರು ನನ್ನ ಮುಖ ನೋಡದೆ ಮೆಲ್ಲಗೆ ಎದ್ದು ಅಂಗಡಿ ಕಡೆ ಹೋದರು, ಭಾನುವಾರ ಅಂಗಡಿ ಇಲ್ಲದಿದ್ದರೂ.

ಮೂರು ದಿನದ ಮೇಲೆ ಚಿನ್ನತಾಯಮ್ಮ ಒಬ್ಬರೇ ಲ್ಯಾಬಿಗೆ ಬಂದರು. ಚೀಲದಲ್ಲಿ ಅವರೆಕಾಯಿ. ರಕ್ತ ಕೊಡುವವರೆಲ್ಲ ಮುಗಿಯುವವರೆಗೂ ಬೆಂಚಿನ ತುದಿಯಲ್ಲಿ ಕೂತಿದ್ದು, ಆಮೇಲೆ ಹತ್ತಿರ ಬಂದು, "ಅವ್ವಾ, ಆ ಪಟದಾಗೆ ನಮ್ಮವ್ವನ್ನೂ ನಿಲ್ಸಕಾಯ್ತದ?" ಎಂದರು. ಮದುವೆಯ ದಿನ ಅವರ ತಾಯಿಯೂ ಜೊತೆಯಲ್ಲಿ ನಿಂತಿದ್ದರಂತೆ. ಅದರ ಮಾರನೇ ವರ್ಷ ತೀರಿಹೋದರು. ಆಕೆಯ ಜೀವಮಾನದಲ್ಲಿ ಕ್ಯಾಮೆರಾ ಮುಂದೆ ನಿಂತದ್ದು ಅದೊಂದೇ ಸಲ. "ನಮ್ಮೋರು ಮೀಸೆ ಓಯ್ತು ಅಂತ ಐವತ್ತೊರ್ಷ ಬೈಕಂಡು ಬಂದ್ರು. ನಂಗೆ ಓಗಿದ್ದು ಅವ್ವ. ಅದ ನಾನು ಯೋಳ್ನಿಲ್ಲ. ಯೋಳುದ್ರೆ ಅವರೂ ಸಂಕಟಪಡ್ತರೆ." ಅವರೆಕಾಯಿಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, "ಈಗೀಗ ಅವ್ವನ ಮೊಕ ಕಣ್ಣಿಗೆ ಕಟ್ಟಾಕಿಲ್ಲ ಕಣವ್ವ, ಮರ್ತೋಯ್ತಾ ಅದೆ. ಜಾಗ ಸಾಲ್ದೆ ಓದ್ರೆ ನನ್ನ ತಗ್ದಾಕು, ಪರವಾಗಿಲ್ಲ" ಎಂದರು.

ಬರೆಯುತ್ತೇನಮ್ಮ ಎಂದೆ.

ಹೇಗೆ ಬರೆಯುವುದು? ಫೋನು ಮಾಡಿ ಮೂಗು ಹೇಗಿತ್ತಮ್ಮ ಎಂದರೆ, "ಮೂಗು ಮೂಗಿನಂಗೇ ಇತ್ತು ಕಣವ್ವ" ಎಂಬ ಉತ್ತರ. ಹಣೆ ಅಗಲವೇ ಎಂದರೆ, "ಅವ್ವ ಒದ್ದೆ ಕೈಲಿ ನನ್ ತಲೆ ಸವರಿ, 'ವಾ ಕಣ್ಣು' ಅಂತಿದ್ಲು" ಎನ್ನುತ್ತಿದ್ದರು. ವಾ ಕಣ್ಣು ಎಂದರೆ ಬಾ ಕಂದ. ತಾಯಿಯ ಕೈ, ನಡಿಗೆ, ಸೆರಗು ಸಿಕ್ಕಿಸುವ ರೀತಿ, ಎಲ್ಲವೂ ಅವರಿಗೆ ನೆನಪಿತ್ತು, ಮುಖದ ಹೊರತಾಗಿ. ಗಂಡು, ಹೆಣ್ಣು ಇಬ್ಬರನ್ನೂ ಹೇಗೋ ಮುಗಿಸಿದೆ. ಮೀಸೆಯನ್ನು ದಪ್ಪಕ್ಕೂ ಇರುವೆ ಸಾಲಿಗೂ ನಡುವೆ ಒಂದು ರಾಜಿಗೆ ತಂದೆ. ತಾಯಿಯ ಮುಖವನ್ನು ಹನ್ನೊಂದು ಸಲ ಬರೆದೆ, ಹನ್ನೊಂದು ಸಲ ಅಳಿಸಿದೆ. ಕೊನೆಯದು ಪರವಾಗಿಲ್ಲ ಎನ್ನಿಸಿ ಯಜಮಾನರನ್ನು ಕರೆದು ತೋರಿಸಿದರೆ, ಅವರು ಬಗ್ಗಿ ನೋಡಿ, "ನಂಗ್ಯಾಕೆ ಸೀರೆ ಉಡ್ಸಿದೀಯ?" ಎಂದರು.

ಅಷ್ಟರಲ್ಲಿ ಊಟದ ವಾರ ಬಂತು: ಭಾನುವಾರ ಊಟ, ಶುಕ್ರವಾರ ಪ್ರಿಂಟಿಗೆ ಕೊಡಬೇಕು. ಗುರುವಾರ ಲ್ಯಾಬಿನಲ್ಲಿ ಒಬ್ಬ ಹುಡುಗಿ ಸೂಜಿಗೆ ಹೆದರಿ ಮುಖ ತಿರುಗಿಸಿಕೊಂಡಳು. ಅವಳಮ್ಮ ನನಗೆ ಬೆನ್ನುಮಾಡಿ ನಿಂತು, ಅವಳ ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸುತ್ತಿದ್ದಳು. ಮುಖವೇ ಕಾಣದಿದ್ದರೂ ಅದು ತಾಯಿ ಎಂದು ಬೀದಿಯಲ್ಲಿ ಹೋಗುವವರೂ ಹೇಳಬಹುದಿತ್ತು. ನನಗೆ ಜ್ಞಾನೋದಯವಾಯಿತು ಎಂದರೆ ಸುಳ್ಳು. ಪರೀಕ್ಷೆಯಲ್ಲಿ ಉತ್ತರ ಬಾರದವನಿಗೆ ಕಿಟಕಿ ಕಂಡಂತಾಯಿತು. ಮನೆಗೆ ಹೋದವಳೇ ಮುಖದ ಲೇಯರನ್ನು ಕಿತ್ತೆಸೆದು, ತಾಯಿಯನ್ನು ತಿರುಗಿಸಿ ನಿಲ್ಲಿಸಿದೆ. ಮಗಳ ಸೆರಗನ್ನು ಭುಜದ ಮೇಲೆ ಸರಿಪಡಿಸುತ್ತಿರುವ ಹೆಂಗಸು. ಬೆನ್ನು, ತುರುಬು, ಒಂದು ಕಿವಿ, ಕೆನ್ನೆಯ ಅಂಚು, ಎರಡು ಕೈ. ಮೂಗಿಲ್ಲ.

ಭಾನುವಾರ ಯಜಮಾನರ ಬೈಕಿನ ಹಿಂದೆ, ಪಟವನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸುತ್ತ ಮಧುವನಹಳ್ಳಿಗೆ ಹೋದೆ. ಶಾಮಿಯಾನದ ಕೆಳಗೆ ಪಟದ ಕಾಗದ ಬಿಚ್ಚಿದರು. ಮಾದಪ್ಪನವರು ಮೊದಲು ಮೀಸೆ ನೋಡಿಕೊಂಡು ತೃಪ್ತರಾದರು. ಚಿನ್ನತಾಯಮ್ಮ ಹತ್ತಿರ ಬಂದರು. ಕನ್ನಡಕ ಇಲ್ಲದೆ ನೋಡಿದರು, ಹಾಕಿಕೊಂಡು ನೋಡಿದರು. ಒಂದು ಬೆರಳನ್ನು ಆ ತುರುಬಿನ ಮೇಲೆ ಇಟ್ಟರು.

"ಅವ್ವ ಇಂಗೇಯ ನಿಂತಿದ್ಲು" ಎಂದರು. "ಫೋಟೋದೋನು 'ಇತ್ಲಾಗಿ ತಿರುಕೊಳಮ್ಮ, ತಿರುಕೊಳಮ್ಮ' ಅಂತ ಬಡ್ಕತಿದ್ದ. ಅವ್ಳು ತಿರುಗ್ನೇ ಇಲ್ಲ. ನನ್ ಸೆರಗೇ ಸರಿ ಮಾಡ್ತಾ ಇದ್ಲು. ಅದ ನಾನೇ ಮರ್ತಿದ್ದೆ. ನಿಂಗ್ಯಾರವ್ವ ಯೋಳುದ್ರು?"

ನಾನು ಬಾಯಿ ತೆರೆದೆ. ದಾರಿಯಲ್ಲಿ ಜೋಡಿಸಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮಾದಪ್ಪನವರು ಆ ಬೆನ್ನನ್ನು ಗಮನಿಸಿದರು. ಯಾರೆಂದು ಅವರಿಗೆ ಹೇಳಬೇಕಾಗಲಿಲ್ಲ. ತಲೆಯ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಪಟಕ್ಕೆ ಕೈಮುಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಐವತ್ತೊರ್ಷ ಮಡಿಕಂಡಿದ್ಯಲ್ಲ, ಒಂದ್ಸಲ ಯೋಳ್ಬಾರ್ದಾಗಿತ್ತ?" ಎಂದರು. ಚಿನ್ನತಾಯಮ್ಮ ಗಂಡನ ಕಂಕುಳಿಂದ ಟವಲು ಎಳೆದುಕೊಂಡು ಕಣ್ಣೊರೆಸಿಕೊಂಡರು. ನಾನು ಬಾಯಿ ಮುಚ್ಚಿದೆ. ಪಾಯಸ ಬಡಿಸುವಾಗ ಮಾತ್ರ ತೆರೆದೆ.

ಆ ಮನೆಯವರು ನನಗೆ ಕೊಟ್ಟದ್ದು ದೊಡ್ಡದು. ಜನರಿಗೆ ಮೊಣಕೈಯಲ್ಲದೆ ಬೇರೆ ಭಾಗಗಳೂ ಇವೆ, ಅವುಗಳಿಗೆಲ್ಲ ಒಂದೊಂದು ನೆನಪು ಅಂಟಿಕೊಂಡಿದೆ ಎಂದು ಅವರಿಂದ ಕಲಿತೆ. ಕೊಟ್ಟ ಮೆಚ್ಚುಗೆಗೆ ನಾನು ಅರ್ಹಳಲ್ಲ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳಿದ್ದೇನೆ. 'ಎಂಥ ಕಲ್ಪನೆ ಮೇಡಂ' ಎಂದವರಿಗೆಲ್ಲ ನಾನು ತಲೆ ಬಗ್ಗಿಸಿ ಮುಗುಳ್ನಕ್ಕಿದ್ದೇನೆ, ಕಲ್ಪನೆ ಇರುವವರು ನಗುವ ಹಾಗೆ.

ಸುದ್ದಿ ಯಳಂದೂರಿನವರೆಗೂ ಹಬ್ಬಿದೆ. ಹೋದ ವಾರ ಅಲ್ಲಿಂದ ಒಬ್ಬರು ಫೋನು ಮಾಡಿದ್ದರು. "ಮೇಡಂ, ನಮ್ಮ ತಾತಂದು ಒಂದು ಪಟ ಆಗ್ಬೇಕು. ನಮ್ ತಾತ ಯಾವತ್ತೂ ಯಾರಿಗೂ ಬೆನ್ನು ತೋರ್ಸ್ದೋರಲ್ಲ, ಮುಂದ್ಗಡೆಯಿಂದ್ಲೇ ಬರ್ಕೊಡಿ" ಎಂದರು. ಫೋಟೋ ಇದೆಯೇ ಎಂದೆ. "ಫೋಟೋ ಇದ್ದಿದ್ರೆ ನಿಮ್ಗ್ಯಾಕೆ ತೊಂದ್ರೆ ಕೊಡ್ತಿದ್ವಿ? ನಿಮ್ಗೆ ಅಂಗೇ ಗೊತ್ತಾಯ್ತದಂತಲ್ಲ" ಎಂದರು. ನಾನು ಆಗಲಿ ಎಂದೆ. ತಾತ ಹೇಗಿದ್ದರೆಂದು ಹೇಳಲು ಈ ಭಾನುವಾರ ಅವರ ಮನೆಯಿಂದ ಏಳು ಜನ ಬರುತ್ತಾರಂತೆ. ನಾನು ಸೋಮವಾರಕ್ಕೆ ರಜೆ ಹಾಕಿದ್ದೇನೆ.