ಎದ್ದು ಹೋಗುವ ಅತ್ತೆ

ನಮ್ಮ ಸೋದರತ್ತೆಯನ್ನು ನಗಿಸುವ ಗಂಡು ಹೈದರಾಬಾದಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾವು ಪಂಥ ಕಟ್ಟುತ್ತಿದ್ದೆವು! ಮೆಹದಿಪಟ್ಟಣಂನ ಅವರ ಮನೆಯಲ್ಲಿ, ಮಧ್ಯಾಹ್ನದ ಚಹಾದ ಮಂಪರಿನಲ್ಲಿ, ಮಾವ ತಮಾಷೆ ಶುರು ಮಾಡಿದರೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋಗುತ್ತಿದ್ದರು. ಮಾವನ ಮುಖ ಅಲ್ಲಿಗೇ ಸಪ್ಪಗಾಗುತ್ತಿತ್ತು.

ಅವರ ವಿಚಿತ್ರ ಒಂದೇ, ಎರಡೇ? ಯಾರ ಮನೆಗೆ ಹೋದರೂ ಕ್ಷೇಮಕ್ಕಿಂತ ಮೊದಲು ಬಚ್ಚಲು ವಿಚಾರಿಸುವುದು. ಕೋಠಿ ಬಜಾರಿಗೆ ಸೀರೆ ತರಲು ಹೋಗುವ ದಿನ, ಎಂಥ ಬಿಸಿಲಿದ್ದರೂ, ಗುಟುಕು ನೀರು ಮುಟ್ಟದಿರುವುದು. ಸೀನು ಬಂತೋ, ಕಾಲಿಗೆ ಕಾಲು ಹೆಣೆದು ಕಂಬ ಹಿಡಿದು ನಿಲ್ಲುವುದು! ಮಡಿ ಎಂದರು ಕೆಲವರು, ಸೊಕ್ಕು ಎಂದರು ಕೆಲವರು.

ಅವ್ವ ಇಲ್ಲದ ನನಗೆ ಬಾಣಂತನ ಈ ಅತ್ತೆಯ ಮನೆಯಲ್ಲೇ. ಒಂದು ದಿನ ಒಗ್ಗರಣೆಯ ಘಾಟಿಗೆ ಸೀನಿದೆ, ಸೀರೆ ಒದ್ದೆಯಾಯಿತು. ನಾಚಿಕೆಗೆ ಅತ್ತುಬಿಟ್ಟೆ.

"ನಿನಗೂ ಹಿಂಗ ಆತೇನವ್ವಾ?" ಎಂದರು ಅತ್ತೆ. "ಮಗ ಹುಟ್ಟಿದಾಗಿಂದ ನಂದೂ ಇದ ಕತಿ. ಹಣೇಬರಹ ಅಂತ ಸುಮ್ಮಿದ್ದೆ. ನೀ ಸುಮ್ಮಿರಬ್ಯಾಡ, ನಡಿ!" ಎಂದು ಆಟೋ ಹತ್ತಿಸಿದರು.

ಫಿಸಿಯೋಥೆರಪಿಯ ಡಾಕ್ಟರಮ್ಮ ಬೀದರ್ ಕಡೆಯವರು. "ಮೂತ್ರಕೋಶ, ಗರ್ಭಕೋಶ ಹೊತ್ತ ಸ್ನಾಯು ಕೆಳಗ ಜೋಳಿಗಿ ಹಂಗ ಇರತಾವ್ರಿ. ಹೆರಿಗಿ ಆದಮ್ಯಾಲೆ ಸಡ್ಲ ಆಗತಾವ. ಮೂತ್ರ ತಡದಂಗ ಒಳಗ, ಮ್ಯಾಲಕ್ಕ ಬಿಗಿ ಹಿಡೀರಿ, ಉಸಿರು ಮಾತ್ರ ಕಟ್ಟಬ್ಯಾಡ್ರಿ. ಆಮ್ಯಾಲೆ ಪೂರಾ ಬಿಡ್ರಿ. ಸೀನು, ನಗಿ ಬರೂಮುಂದ ಮೊದಲ ಬಿಗಿ ಹಿಡೀರಿ."

"ಮುದುಕೇರಿಗೂ ಗುಣ ಆಗತೈತೇನ್ರಿ?" ಬಾಗಿಲಲ್ಲೇ ನಿಂತಿದ್ದ ಅತ್ತೆ ಕೇಳಿದರು.

"ಭಾಳ ಮಂದಿಗೆ ಆಗೇತ್ರಿ. ಬರ್ರಿ ಒಳಗ."

ಅಂದಿನಿಂದ ಅತ್ತೆ ಬಸ್ಸು ಹತ್ತಿದರೂ ಕಿಟಕಿಗೊರಗಿ, ಕಣ್ಣು ಅರೆಮುಚ್ಚಿ, ಎಲ್ಲೋ ತೇಲುತ್ತಿರುವವರಂತೆ ಕೂರತೊಡಗಿದರು. ಹೊರಗೆ ಊರು ಬಿಸಿಲಲ್ಲಿ ಕನಸಿನಂತೆ ಹಿಂದೆ ಸರಿಯುತ್ತಿತ್ತು. ಒಂದು ದಿನ ಪಕ್ಕದ ಹೆಂಗಸು ಕೈಮುಗಿದು, ಈ ಧ್ಯಾನ ಯಾವ ಸ್ವಾಮೀಜಿ ಕಲಿಸಿದ್ದು ಎಂದು ತೆಲುಗಿನಲ್ಲಿ ಕೇಳಿದಳು. ಅತ್ತೆ ಅವಳ ಕಿವಿಯಲ್ಲಿ ಎಲ್ಲ ಹೇಳಿದರು. ಅವಳು ಪಕ್ಕದವಳಿಗೆ ಹೇಳಿದಳು. ಅಮೀರ್‌ಪೇಟ್ ಬರುವಷ್ಟರಲ್ಲಿ ಹೆಂಗಸರ ಸೀಟುಗಳೆಲ್ಲ ಧ್ಯಾನದಲ್ಲಿದ್ದವು!

ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಮಾವ ಅದೇ ಹಳೆಯ ತಮಾಷೆ ತೆಗೆದರು. ಎದ್ದ ಅತ್ತೆ ಮತ್ತೆ ಕುಳಿತರು. ಕಣ್ಣು ಮುಚ್ಚಿದರು. ಆಮೇಲೆ ಗೊಳ್ಳೆಂದು ನಕ್ಕರು ನೋಡಿ, ತೊಟ್ಟಿಲಲ್ಲಿದ್ದ ಕೂಸಿಗೆ ಎಚ್ಚರವಾಯಿತು!

ಮಾವನ ಚಹಾ ಕೈಯಲ್ಲೇ ಉಳಿಯಿತು. "ಇಷ್ಟು ವರ್ಷ, ನಾ ಅಂದ್ರ ನಿನಗ ಸೇರೂದಿಲ್ಲ ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬಚ್ಚಲ ಬಾಗಲಾ ಹಾಕ್ಕೊಂಡು ಒಬ್ಬಾಕೀನ ನಗತಿದ್ದೆನ್ರಿ."