ಮಾದರಿ ಪಟ್ಟಣದ ಬಂದರಿನಲ್ಲಿ ಹೆಂಗಸರ ಸ್ನಾನಗೃಹ ಅನುಮತಿಯಿಲ್ಲದೆ ಮರಳಿ ಕಾಣಿಸಿಕೊಳ್ಳುತ್ತಿರುವ ಬಗ್ಗೆ

ಸ್ಕಾರೆವಿಗ್ ಪುರಸಭೆ, ಯೂಟ್ಲೆಂಡ್, ಡೆನ್ಮಾರ್ಕ್
(ಇಲಾಖೆಯ ಹೆಸರು ಪುನರ್‌ಪರಿಶೀಲನೆಯಲ್ಲಿದೆ. ಹೊಸ ಹೆಸರು ಬರುವವರೆಗೆ ‘ಇಲಾಖೆ’ ಎಂದಷ್ಟೇ ಕರೆಯತಕ್ಕದ್ದು.)

ಸಂಖ್ಯೆ: ಇ/ಮಾ.ಪ/ಇಟ್ಟಿಗೆ/೧೧(ಬ)
ದಿನಾಂಕ: ಫೆಬ್ರವರಿ, ಫ್ಯೋರ್ಡ್ (ಊರಿನವರೆಗೆ ಚಾಚಿದ ಕಡಲ ತೋಳು) ಹೆಪ್ಪುಗಟ್ಟಿದ ವಾರ

ಸುತ್ತೋಲೆ

ವಿಷಯ: ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳ ಮಾದರಿ ಪಟ್ಟಣದಲ್ಲಿ ಶಿಸ್ತು ಕಾಪಾಡುವ ಕುರಿತು.

ಉಲ್ಲೇಖ:
(೧) ಇಲಾಖಾ ಮುಖ್ಯಸ್ಥರಾಗಿದ್ದ ಟೋರ್ಕಿಲ್ ಬಿಸ್ಗೋರ್ ಅವರ ಸುತ್ತೋಲೆ ೧೧(ಅ).
(೨) ಶುಕ್ರವಾರದ ಕೇಕ್ ಪಾಳಿ ಪಟ್ಟಿ.
(೩) ಹಿರಿಯ ನಾಗರಿಕರಾದ ಎಲ್ನಾ ಅವರ ಮೌಖಿಕ ಆಕ್ಷೇಪಣೆ (ಕೆಲವು ಪದಗಳನ್ನು ಬರೆದುಕೊಳ್ಳಲು ಸಿಬ್ಬಂದಿ ಒಪ್ಪಿರುವುದಿಲ್ಲ).

ಪ್ರಸ್ತಾವನೆ

ಬಂದರಿನ ಹೊಸ ಯೋಜನೆಯನ್ನು ಕಾಗದದಲ್ಲಿ ತೋರಿಸಿದರೆ ನಾಗರಿಕರು ಓದುವುದಿಲ್ಲ, ಇಟ್ಟಿಗೆಯಲ್ಲಿ ತೋರಿಸಿದರೆ ಮುದುಕರೂ ಮಂಡಿಯೂರಿ ನೋಡುತ್ತಾರೆ ಎಂಬುದನ್ನು ಪುರಸಭೆ ಮನಗಂಡು, ಇಡೀ ಪಟ್ಟಣದ ಮಾದರಿಯನ್ನು ಕಟ್ಟಿಕೊಡುವಂತೆ ಊರಿನ ವಯಸ್ಕರ ಇಟ್ಟಿಗೆ ಸಂಘವನ್ನು ಕೋರಿತ್ತು. ಮಾದರಿಯು ಪುರಭವನದ ಮೊಗಸಾಲೆಯಲ್ಲಿ, ಕಾಫಿ ಯಂತ್ರದ ಪಕ್ಕ ಸ್ಥಾಪಿತವಾಗಿರುತ್ತದೆ.

ಬಂದರಿನ ಭಾಗವನ್ನು ಸಂಘದ ಹಳೆಯ ಸದಸ್ಯೆ, ನಿವೃತ್ತ ಹೊಲಿಗೆ ಶಿಕ್ಷಕಿ ಬೋಡಿಲ್ ರಾವ್ನ್ (ಇನ್ನು ಮುಂದೆ ‘ಸದರಿಯವರು’) ಅವರಿಗೆ ವಹಿಸಲಾಗಿತ್ತು. ಯೋಜನೆಯಂತೆ ಅಲ್ಲಿ ‘ಫ್ಯೋರ್ಡ್ ನೋಟ’ ಎಂಬ ಎತ್ತರದ ವಸತಿ ಕಟ್ಟಡ ಏಳಬೇಕು. ಅದರ ಖಾಸಗಿ ದೋಣಿಕಟ್ಟೆಗೆ ಜಾಗ ಮಾಡಿಕೊಡಲು, ಈಗ ಕಡಲಿನಲ್ಲಿ ಕಂಬಗಳ ಮೇಲೆ ನಿಂತಿರುವ, ಹೆಂಗಸರು ಬೆತ್ತಲಾಗಿ ತಣ್ಣೀರಿಗಿಳಿಯುವ ಚಳಿಗಾಲದ ಸ್ನಾನಗೃಹ ಹೋಗಬೇಕು. ಸದರಿಯವರು ಫ್ಯೋರ್ಡ್ ನೋಟವನ್ನು ಬಿಳಿ ಇಟ್ಟಿಗೆಯಲ್ಲಿ, ಗಾಜಿನಂಥ ಬಾಲ್ಕನಿಗಳ ಸಮೇತ, ಎಲ್ಲಿಯೂ ಕುಂದು ಹುಡುಕಲು ಬಾರದಂತೆ ಕಟ್ಟಿರುತ್ತಾರೆ. ಆನಂತರ ದೋಣಿಕಟ್ಟೆಯ ಜಾಗದಲ್ಲಿ, ಯಾರೂ ಕೇಳದಿದ್ದರೂ, ಕಪ್ಪು ಇಟ್ಟಿಗೆಯ ಸ್ನಾನಗೃಹವನ್ನೂ ಕಟ್ಟಿರುತ್ತಾರೆ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೂ, ಮಂಡಿಯೂರಬಲ್ಲ ಎಲ್ಲ ನಾಗರಿಕರಿಗೂ ಈ ಮೂಲಕ ಸೂಚಿಸುವುದೇನೆಂದರೆ:

೧. ವ್ಯಾಖ್ಯೆ. ಉಲ್ಲೇಖ (೧)ರಂತೆ ‘ಪಟ್ಟಣ’ ಎಂದರೆ ಮಾದರಿ ಪಟ್ಟಣ. ಹೊರಗೆ ಗಾಳಿ ಮಳೆಗೆ ಒಡ್ಡಿಕೊಂಡು ನಿಂತಿರುವುದನ್ನು ‘ಹೊರಪ್ರತಿ’ ಎಂದು ಕರೆಯತಕ್ಕದ್ದು. ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಹೊರಪ್ರತಿಯನ್ನು ತಿದ್ದತಕ್ಕದ್ದು. ಮಾದರಿಯಲ್ಲಿ ಸ್ನಾನಗೃಹ ಇಲ್ಲವೆಂದಾದರೆ ಹೊರಗಿನದನ್ನು ಇನ್ನೊಂದು ಅಹವಾಲು ಸಭೆ ಕರೆಯದೆ ಕೆಡವಬಹುದು ಎಂಬ ದೂರದೃಷ್ಟಿಯಿಂದ ಬಿಸ್ಗೋರ್ ಅವರು ಈ ಅಂಶವನ್ನು ಸೇರಿಸಿದ್ದರು. ಇದು ಜಾರಿಯಲ್ಲಿರುತ್ತದೆ.

೨. ಕೇಕ್. ಇಲಾಖೆ ಸ್ನಾನಗೃಹವನ್ನು ಮಾದರಿಯಿಂದ ಎತ್ತಿ ಡಬ್ಬಿಗೆ ಹಾಕಿದಾಗಲೆಲ್ಲ, ಶುಕ್ರವಾರ ಇಡೀ ಇಲಾಖೆ ಒಳಕೋಣೆಯಲ್ಲಿ ಕೇಕ್ ತಿನ್ನುತ್ತಿರುವ ಹೊತ್ತಿಗೆ ಅದು ಸ್ವಸ್ಥಾನಕ್ಕೆ ಮರಳಿರುವುದು ಗಮನಕ್ಕೆ ಬಂದಿರುತ್ತದೆ. ಆದುದರಿಂದ ಇನ್ನು ಮುಂದೆ ಕೇಕನ್ನು ಒಬ್ಬೊಬ್ಬರಾಗಿ ತಿನ್ನತಕ್ಕದ್ದು. ಹುಟ್ಟುಹಬ್ಬದ ದಿನ ಮೇಜಿನ ಮೇಲೆ ಪುಟ್ಟ ಬಾವುಟ ನೆಡಬಹುದು. ಆದರೆ ಹುಟ್ಟುಹಬ್ಬದವರು ಆ ವೇಳೆ ಮೊಗಸಾಲೆಯಲ್ಲಿ ಕಾವಲಿರತಕ್ಕದ್ದು. ಹಾಡು ಅವರಿಗೆ ಕೇಳಿಸುವಂತೆ ಬಾಗಿಲು ತೆರೆದಿಡಲಾಗುವುದು.

೩. ನೋಟದ ದಿಕ್ಕು. ಮಾದರಿಯನ್ನು ನೆಲದ ಕಡೆಯಿಂದ ನೋಡತಕ್ಕದ್ದು. ಸಮುದ್ರದ ಕಡೆಯಿಂದ ಮಂಡಿಯೂರಿ ನೋಡಿದರೆ ಸ್ನಾನಗೃಹದ ತೆರೆದ ಬಾಗಿಲಿನೊಳಗೆ ಕಣ್ಣು ಹೋಗುವುದರಿಂದ, ಸಮುದ್ರವನ್ನು ಸಿಬ್ಬಂದಿಗೆ ಮಾತ್ರ ಮೀಸಲಿಡಲಾಗಿದೆ.

೪. ಉಬ್ಬುಗಳು. ಸದರಿ ಬಾಗಿಲಿನೊಳಗೆ ಸ್ನಾನಕ್ಕೆ ನಿಂತ ಹೆಂಗಸರನ್ನು ಚರ್ಮದ ಬಣ್ಣದ ಸಣ್ಣ ಇಟ್ಟಿಗೆಗಳಿಂದ ಮಾಡಲಾಗಿದ್ದು, ಒಂದಕ್ಕೊಂದು ಸಿಕ್ಕಿಸಲೆಂದು ಪ್ರತಿ ಇಟ್ಟಿಗೆಗೆ ಇರುವ ಎರಡು ಉಬ್ಬುಗಳು ಮೇಲ್ಮುಖವಾಗಿರದೆ ಎದುರಿಗೆ ಚಾಚಿಕೊಂಡಿರುತ್ತವೆ. ಉಲ್ಲೇಖ (೧) ಸ್ಪಷ್ಟವಾಗಿ ವಿಧಿಸುವಂತೆ, ಪಟ್ಟಣದ ಯಾವುದೇ ಇಟ್ಟಿಗೆಯ ಉಬ್ಬುಗಳು ಸಾರ್ವಜನಿಕರಿಗೆ ಎದುರಾಗಿರತಕ್ಕದ್ದಲ್ಲ. ಈ ಬಗ್ಗೆ ದೂರು ನೀಡಿದವರು ಯಾರೂ ಇರುವುದಿಲ್ಲ. ದೂರು ಬರಬಹುದೆಂಬ ಭೀತಿಯಿಂದ ದೂರನ್ನು ಇಲಾಖೆಯೇ ನೀಡಿ ಇಲಾಖೆಯೇ ಸ್ವೀಕರಿಸಿರುತ್ತದೆ.

೫. ದೋಷಪೂರಿತ ಇಟ್ಟಿಗೆ. ಮೇಲ್ಕಂಡ ಹೆಂಗಸರಲ್ಲಿ ಒಬ್ಬಳಿಗೆ ಒಂದೇ ಉಬ್ಬು ಇರುತ್ತದೆ. ಎಡಗಡೆಯದನ್ನು ಚಾಕುವಿನಿಂದ ಕೊಯ್ದು ಉಜ್ಜಲಾಗಿರುತ್ತದೆ. ಒಂದು ಉಬ್ಬಿನ ಈ ಬಗೆಯ ಇಟ್ಟಿಗೆ ಯಾವ ಪಟ್ಟಿಯಲ್ಲೂ ಇಲ್ಲದ ಕಾರಣ, ಇದು ತಯಾರಿಕೆಯ ದೋಷವೇ ಎಂದು ತನಿಖಾಧಿಕಾರಿ ವಿಬೆಕೆ ಸ್ಟೌನ್ ಅವರು ವಿಚಾರಿಸಲಾಗಿ, ಸದರಿಯವರು ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ: “ದೋಷ ಅಲ್ಲಮ್ಮ, ಅದು ನಾನು. ಆಸ್ಪತ್ರೆಯವರು ನೀಟಾಗೇ ಕೊಯ್ದಿದ್ರು. ನನ್ನ ಕೈಗೇ ಅಷ್ಟು ನಯ ಬರ್ಲಿಲ್ಲ.”

ಶಸ್ತ್ರಚಿಕಿತ್ಸೆಯ ನಂತರ ಸದರಿಯವರು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಬಟ್ಟೆ ಬದಲಿಸುತ್ತಿದ್ದರು. ಪತಿ ಅಸ್ಗೆರ್ ಒಳ್ಳೆಯ ಮನುಷ್ಯ. ಆ ಹೊತ್ತಿಗೆ ಅವರು ತಾವಾಗಿಯೇ ಕಿಟಕಿಯ ಕಡೆ ತಿರುಗಿ ಹವಾಮಾನದ ಮಾತಾಡುತ್ತಿದ್ದರು. ಸದರಿಯವರಿಗೆ ಗಾಯವನ್ನು ಸಹಿಸಲು ಬಂತು, ಆ ಹವಾಮಾನವನ್ನು ಸಹಿಸಲು ಬರಲಿಲ್ಲ. ಹಾಗಿರುವಾಗ ಒಂದು ಮುಂಜಾನೆ ಸ್ನಾನಗೃಹಕ್ಕೆ ಹೋಗಿ, ಎದೆಗೆ ಕೈ ಅಡ್ಡ ಕಟ್ಟಿಕೊಂಡು ನಿಂತಿದ್ದಾಗ, ಉಲ್ಲೇಖ (೩)ರ ವೃದ್ಧೆ ಎಲ್ನಾ ಕಣ್ಣು ಬೇರೆಡೆ ತಿರುಗಿಸದೆ ಪೂರ್ತಿ ನೋಡಿ, “ಏನೇ, ಆ ಕಡೆ ತಣ್ಣೀರು ಸ್ವಲ್ಪ ಕಮ್ಮಿ ಕೊರಿಯುತ್ತಾ? ಪುಣ್ಯವಂತೆ ನೀನು!” ಎಂದು ಕೇಳಿರುತ್ತಾರೆ. ಸದರಿಯವರು ನಕ್ಕಿರುತ್ತಾರೆ. ನಗುವಾಗ ಕೈಗಳು ತಾವಾಗಿಯೇ ಕೆಳಗಿಳಿದಿರುತ್ತವೆ. ಅಂದಿನಿಂದ ಆ ಮರದ ಕೋಣೆಯೊಂದರಲ್ಲಿ ಮಾತ್ರ ಅವರ ಕೈಗಳು ಕೆಳಗಿರುತ್ತವೆ.

ಈ ಅಂಶಗಳು ವಿಷಯಕ್ಕೆ ಸಂಬಂಧಿಸದ ಕಾರಣ ದಾಖಲಿಸಲಾಗಿರುವುದಿಲ್ಲ.

೬. ಪರ್ಯಾಯ ವ್ಯವಸ್ಥೆ. ಸ್ನಾನಗೃಹಕ್ಕೆ ಬದಲಾಗಿ ಕ್ರೀಡಾಭವನದಲ್ಲಿ ಒಬ್ಬೊಬ್ಬರಿಗೂ ಚಿಲಕವುಳ್ಳ ಪ್ರತ್ಯೇಕ ಕೋಣೆ, ಬಿಸಿನೀರು, ಹಿತವಾದ ಸಂಗೀತ ಒದಗಿಸುವುದಾಗಿ ಬಿಸ್ಗೋರ್ ಅವರು ಲಿಖಿತವಾಗಿ ತಿಳಿಸಿದ್ದರು. ಇದಕ್ಕೆ ಎಲ್ನಾ ಅವರ ಆಕ್ಷೇಪಣೆ, ದಾಖಲಿಸಲು ಸಾಧ್ಯವಾದಷ್ಟು: “ಚಿಲಕ ಹಾಕ್ಕೊಂಡು ಒಬ್ಬಳೇ ಬೆತ್ತಲಾಗೋಕೆ ನಮ್ಮನೇಲೇ ಬಚ್ಚಲಿದೆ ಕಣೋ ಟೋರ್ಕಿಲ್. ಮಂಜುಗಡ್ಡೆ ಒಡ್ಕೊಂಡು ಇಲ್ಲಿಗೆ ಬರೋದು, ಪಕ್ಕದವಳ ಹೊಟ್ಟೆನೂ ಜೋತು ಬಿದ್ದಿದೆ ಅಂತ ಕಣ್ಣಾರೆ ನೋಡಿ ಸಮಾಧಾನ ಮಾಡ್ಕೊಳ್ಳೋಕೆ. ನಿಮ್ಮಮ್ಮ ಇವತ್ತಿಗೂ ಬರ್ತಾಳೆ. ನೀನು ಕೂಸಾಗಿದ್ದಾಗ ನಿನ್ನೂ ಸೊಂಟದ ಮೇಲೆ ಎತ್ಕೊಂಡು ಬರ್ತಿದ್ಲು. ನೀರು ಕಂಡ್ರೆ ಕಿರುಚ್ತಿದ್ದೆ, ಈಗ್ಲೂ ಬಿಟ್ಟಿಲ್ಲ!” ಆಕ್ಷೇಪಣೆಯನ್ನು ಪರಿಶೀಲಿಸಿ, ಅದರಲ್ಲಿ ಹುರುಳಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗಿತ್ತು.

೭. (ಈ ಅಂಶವನ್ನು ಕೈಬಿಡಲಾಗಿದೆ. ಆದರೂ ಪಾಲಿಸತಕ್ಕದ್ದು.)

೮. ಸ್ಥಳ ತನಿಖೆ. ಹೊರಪ್ರತಿಯಲ್ಲಿರುವ ಸ್ನಾನಗೃಹವನ್ನು ಖುದ್ದು ಪರಿಶೀಲಿಸಲು ವಿಬೆಕೆ ಸ್ಟೌನ್ ಅವರನ್ನು ನಿಯೋಜಿಸಲಾಗಿತ್ತು. ಬಟ್ಟೆ ತೊಟ್ಟವರು ಒಳಬಾಗಿಲು ದಾಟಬಾರದು ಎಂಬುದು ಅಲ್ಲಿನ ಕಟ್ಟಳೆಯಾದ್ದರಿಂದ ತನಿಖಾಧಿಕಾರಿಯು ಕರ್ತವ್ಯದ ಮೇರೆಗೆ ಬಟ್ಟೆ ಕಳಚಿರುತ್ತಾರೆ. ಸರ್ಕಾರಿ ಕಡತವನ್ನು ಎಲ್ಲೆಂದರಲ್ಲಿ ಬಿಟ್ಟುಹೋಗುವಂತಿಲ್ಲವಾದ್ದರಿಂದ ಅದನ್ನೂ ಜೊತೆಗೆ ಒಯ್ದಿರುತ್ತಾರೆ. ನೀರಿಗಿಳಿಯುವ ಏಣಿಯ ತುದಿಯಲ್ಲಿ ನಿಂತು ಅನುಮಾನಿಸುತ್ತಿದ್ದಾಗ ಸದರಿಯವರು, “ಯೋಚ್ನೆ ಮಾಡ್ತಾ ನಿಂತ್ರೆ ಇಳಿಯೋಕೇ ಆಗಲ್ಲ. ಬಯ್ಕೊಂಡು ಇಳೀಬೇಕು. ಯಾರನ್ನಾದ್ರೂ ನೆನಸ್ಕೊ” ಎಂದು ಮಾರ್ಗದರ್ಶನ ನೀಡಿರುತ್ತಾರೆ. ತನಿಖಾಧಿಕಾರಿಯು ಯಾರನ್ನು ನೆನೆಸಿಕೊಂಡರು ಎಂಬುದು ಇಲಾಖೆಯ ಆಂತರಿಕ ವಿಷಯ. ನೀರಿನಿಂದ ಮೇಲೆ ಬಂದ ಮೇಲೆ ಕಾಫಿ, ರೈ ರೊಟ್ಟಿ, ಒಂದು ಗುಟುಕು ಕಹಿಮದ್ಯ ಕೊಡಲಾಗಿರುತ್ತದೆ. ಇದನ್ನು ಲಂಚವೆಂದು ಪರಿಗಣಿಸತಕ್ಕದ್ದಲ್ಲ.

ಇಲಾಖೆಯ ನೌಕರರೊಬ್ಬರು ಮಂಗಳವಾರಗಳಂದು ಒದ್ದೆ ಕೂದಲಿನಲ್ಲಿ, ಕಾರಣವಿಲ್ಲದೆ ಹಸನ್ಮುಖರಾಗಿ ಕಚೇರಿಗೆ ಬರುತ್ತಿರುವುದು ವರದಿಯಾಗಿದೆ. ಇಂಥ ತನಿಖೆ ಒಂದು ಮುಳುಗಿಗೆ ಮುಗಿಯುವಂಥದ್ದಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

೯. ತಾತ್ಕಾಲಿಕ ಮತ್ತು ಶಾಶ್ವತ. ಇಟ್ಟಿಗೆ ಸಂಘದವರು ಕೊಯ್ಯುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಅಂಟು ಹಾಕುವುದಿಲ್ಲ. ಅಂಟು ಬಿದ್ದ ಇಟ್ಟಿಗೆ ಸತ್ತ ಇಟ್ಟಿಗೆ ಎಂಬುದು ಅವರ ನಂಬಿಕೆ. ಎಂಥ ಅರಮನೆಯಾದರೂ ಬಿಚ್ಚಿ ಡಬ್ಬಿ ಸೇರಬೇಕು, ನಾಳೆ ಇನ್ನೊಂದಾಗಬೇಕು. ಈ ಸಂಪ್ರದಾಯವನ್ನು ಬಲ್ಲ ಬಿಸ್ಗೋರ್ ಅವರು ಉಲ್ಲೇಖ (೧)ರಲ್ಲಿ ಹೀಗೆ ವಿಧಿಸಿದ್ದರು: ಪುರಸಭೆಯ ಸಮಕ್ಷಮ, ಇಲಾಖಾ ಮುಖ್ಯಸ್ಥರು ಬರಿಗೈಯಲ್ಲಿ ಎತ್ತಿದಾಗ ಕೈಗೆ ಬಂದದ್ದು ತಾತ್ಕಾಲಿಕ. ಅದಕ್ಕೆ ಪಟ್ಟಣದಲ್ಲಿ ಸ್ಥಾನವಿಲ್ಲ. ಕೈಗೆ ಬಾರದ್ದು ಶಾಶ್ವತ. ಪರೀಕ್ಷೆ ಒಂದೇ ಸಲ, ಮೇಲ್ಮನವಿಗೆ ಅವಕಾಶವಿಲ್ಲ.

೧೦. ಪರೀಕ್ಷೆಯ ನಡಾವಳಿ. ಕಳೆದ ವಾರ ಪುರಸಭೆಯ ಸದಸ್ಯರು ಕಾಫಿ ಲೋಟ ಹಿಡಿದು ಮಾದರಿಯ ಸುತ್ತ ನೆರೆದಿರಲಾಗಿ, ಬಿಸ್ಗೋರ್ ಅವರು ಹೆಬ್ಬೆರಳು ತೋರುಬೆರಳುಗಳಿಂದ ಸ್ನಾನಗೃಹವನ್ನು ಹಿಡಿದು ಎತ್ತಲು ಹೋಗಿರುತ್ತಾರೆ. ಅದು ಬಂದಿರುವುದಿಲ್ಲ. ಐದೂ ಬೆರಳು ಹಾಕಿ ಎಳೆದಿರುತ್ತಾರೆ. ಬಂದಿರುವುದಿಲ್ಲ. ನಾಗರಿಕರ ಸಾಲಿನಿಂದ ಎಲ್ನಾ ಅವರು, “ಎಳಿಯಪ್ಪಾ, ಇನ್ನೂ ಎಳಿ! ನಿನ್ನ ಹೆರೋವಾಗ ನಿಮ್ಮಮ್ಮನೂ ಇಷ್ಟು ತಿಣುಕಿರ್ಲಿಲ್ಲ!” ಎಂದು ಸಭಾ ಮರ್ಯಾದೆಗೆ ತಕ್ಕುದಲ್ಲದ ಪ್ರೋತ್ಸಾಹ ನೀಡಿರುತ್ತಾರೆ. ಇದರಿಂದ ವಿಚಲಿತರಾದ ಬಿಸ್ಗೋರ್ ಅವರು ಆಸರೆಗಾಗಿ ಎಡಗೈಯಲ್ಲಿ ಪಕ್ಕದ ಕಟ್ಟಡವನ್ನು ಹಿಡಿದು ಜಗ್ಗಿದಾಗ, ಫ್ಯೋರ್ಡ್ ನೋಟ ವಸತಿ ಕಟ್ಟಡವು ಬುಡಸಮೇತ ಅವರ ಎಡಗೈಗೆ ಬಂದಿರುತ್ತದೆ. ಬಾಲ್ಕನಿಯೊಂದು ಉರುಳಿ ಕಾಫಿ ಯಂತ್ರದ ಅಡಿ ಸೇರಿರುತ್ತದೆ.

ಆಮೇಲೆ ಸದಸ್ಯರೊಬ್ಬರು ಉಲ್ಲೇಖ (೧)ನ್ನು ಗಟ್ಟಿಯಾಗಿ ಓದಿರುತ್ತಾರೆ.

೧೧. ಅಂಟು. ಈ ಬಗ್ಗೆ ವಿವರಣೆ ಕೇಳಲಾಗಿ ಸದರಿಯವರು ಸ್ನಾನಗೃಹವನ್ನು ಅಂಟು ಹಾಕಿ ಕೂರಿಸಿದ ತಪ್ಪನ್ನು ಅಲ್ಲಗಳೆದಿರುವುದಿಲ್ಲ. ಹಿಂದೊಮ್ಮೆ ಗೋಪುರಕ್ಕೆ ತೊಟ್ಟು ಅಂಟು ಹಾಕಿದ್ದಕ್ಕೆ ಹೊಸ ಸದಸ್ಯನೊಬ್ಬನನ್ನು ಸಂಘದಿಂದ ಹೊರಗೆ ಕಳಿಸಿದವರು ಸ್ವತಃ ಸದರಿಯವರೇ ಆಗಿರುತ್ತಾರೆ. ಆದುದರಿಂದ ಪರೀಕ್ಷೆಯ ಮಾರನೆಯ ದಿನ, ಯಾರೂ ಹೇಳುವ ಮೊದಲೇ, ಸಂಘದ ಬೀಗದಕೈಯನ್ನೂ ತಮ್ಮ ಇಟ್ಟಿಗೆ ಡಬ್ಬಿಗಳನ್ನೂ ಅಧ್ಯಕ್ಷರ ಮೇಜಿನ ಮೇಲಿಟ್ಟು ಬಂದಿರುತ್ತಾರೆ. ಅಧ್ಯಕ್ಷರು ಅತ್ತಿರುತ್ತಾರೆ. ಡಬ್ಬಿಗಳನ್ನು ಹಿಂದಿರುಗಿಸಿರುವುದಿಲ್ಲ. ನಿಯಮ ನಿಯಮವೇ.

ಸದರಿಯವರ ಹೇಳಿಕೆ: “ಅಂಟು ತರೋಕೆ ಅಂಗಡಿಗೆ ಹೋದಾಗ, ಬೂಟಿನ ಅಟ್ಟೆ ಕಿತ್ತೋಗಿದೆ ಅಂತ ಸುಳ್ಳು ಹೇಳ್ದೆ. ಬಿಚ್ಚೋಕೆ ಬರೋದೇ ಇದರ ಸೊಗಸು ಅಂತ ಎಷ್ಟು ಜನಕ್ಕೆ ಪಾಠ ಹೇಳಿದೀನಿ ನಾನು! ಆದ್ರೆ ವಿಬೆಕೆ, ನನ್ನಿಂದ ಏನೇನು ಬಿಚ್ಚಿ ತೆಗೀಬಹುದೋ ಎಲ್ಲಾ ತೆಗ್ದಾಯ್ತು. ಇದೊಂದು ಬರಲ್ಲ ಅಂತ ಇರ್ಲಿ.”

ತನಿಖಾಧಿಕಾರಿಯು ವಿಚಾರಣೆ ಮುಗಿದಿದೆ ಎಂದು ಬರೆದು ಕಡತ ಮುಚ್ಚಿರುತ್ತಾರೆ.

೧೨. ಮೇಲಿನ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಬೇರೆ ದಾರಿಯಿಲ್ಲದೆ, ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಹೆಂಗಸರ ಸ್ನಾನಗೃಹ ಶಾಶ್ವತ ಕಟ್ಟಡ. ಹೊರಪ್ರತಿಯಲ್ಲಿ ಅದು ಈಗಾಗಲೇ ಇರುವುದರಿಂದ ತಿದ್ದುವ ಅಗತ್ಯವಿಲ್ಲ. ಕೆಡವಲು ಬಂದಿದ್ದ ಯಂತ್ರವನ್ನು ವಾಪಸು ಕಳಿಸತಕ್ಕದ್ದು. ಚಾಲಕನಿಗೆ ಕಾಫಿ ಕೊಡತಕ್ಕದ್ದು.

(ಆ) ಫ್ಯೋರ್ಡ್ ನೋಟ ತಾತ್ಕಾಲಿಕವೆಂದು ಸಾಬೀತಾಗಿರುವುದರಿಂದ ಡಬ್ಬಿಗೆ ಹಾಕಲಾಗಿದೆ. ಅಲ್ಲಿ ಮನೆ ಕಾಯ್ದಿರಿಸಿರುವವರು ಡಬ್ಬಿಯನ್ನು ಕಚೇರಿ ವೇಳೆಯಲ್ಲಿ ನೋಡಬಹುದು. ಕಾಫಿ ಯಂತ್ರದ ಅಡಿಯಿರುವ ಬಾಲ್ಕನಿಯಿಂದ ಫ್ಯೋರ್ಡ್ ಕಾಣುವುದಿಲ್ಲವೆಂದು ದೂರು ಸಲ್ಲಿಸತಕ್ಕದ್ದಲ್ಲ.

(ಇ) ಅಂಶ ೪ಕ್ಕೆ ತಿದ್ದುಪಡಿ: ಉಬ್ಬುಗಳು ಸಮುದ್ರಕ್ಕೆ ಎದುರಾಗಿರಬಹುದು. ಎಷ್ಟು ಉಬ್ಬುಗಳಿರಬೇಕು ಎಂಬ ಬಗ್ಗೆ ಇಲಾಖೆಗೆ ಯಾವುದೇ ಅಭಿಪ್ರಾಯವಿಲ್ಲ. ಅಂಶ ೩ ರದ್ದು. ಯಾರು ಬೇಕಾದರೂ ಸಮುದ್ರದಲ್ಲಿ ಮಂಡಿಯೂರಬಹುದು.

(ಈ) ತಮ್ಮದೇ ಸುತ್ತೋಲೆಯಿಂದ ತಮ್ಮದೇ ಯೋಜನೆಯನ್ನು ಕಿತ್ತುಹಾಕಿದ ಟೋರ್ಕಿಲ್ ಬಿಸ್ಗೋರ್ ಅವರಿಗೆ, ಇಂಥ ಸಂದರ್ಭಗಳಲ್ಲಿ ನಡೆದುಬಂದಿರುವ ಪದ್ಧತಿಯಂತೆ, ಬಡ್ತಿ ನೀಡಲಾಗಿದೆ.

(ಉ) ಸಂಘವು ಇಟ್ಟಿಗೆ ಮುಟ್ಟಬಾರದೆಂದು ಹೊರಗಿಟ್ಟಿರುವ ಸದರಿಯವರು, ಮಾದರಿಯ ಧೂಳನ್ನು ಮೃದುವಾದ ಕುಂಚದಿಂದ ಒರೆಸಬಹುದು. ಅದಕ್ಕಾಗಿ ಶುಕ್ರವಾರ ಕೇಕಿನ ವೇಳೆ ನಿಗದಿಪಡಿಸಿದೆ. ಆದುದರಿಂದ ಅಂಶ ೨ನ್ನು ಹಿಂಪಡೆದು, ಕೇಕನ್ನು ಎಲ್ಲರೂ ಒಟ್ಟಿಗೆ, ಒಳಕೋಣೆಯಲ್ಲಿ, ಬಾಗಿಲು ಮುಚ್ಚಿ, ನಿಧಾನವಾಗಿ ತಿನ್ನತಕ್ಕದ್ದು. ಒರೆಸಿದ ನಂತರ ಪಟ್ಟಣದಲ್ಲಿ ಏನಾದರೂ ಹೆಚ್ಚಾಗಿದ್ದರೆ ಅದನ್ನು ಧೂಳೆಂದು ಪರಿಗಣಿಸಲಾಗುವುದು.

ಈ ಸುತ್ತೋಲೆಯನ್ನು ಓದಿ ಅರ್ಥವಾಗದವರು ಪಾಲಿಸತಕ್ಕದ್ದು. ಅರ್ಥವಾದವರು ಟವಲು ತರತಕ್ಕದ್ದು.

(ಸಹಿ/-)
ವಿಬೆಕೆ ಸ್ಟೌನ್
ಪ್ರಭಾರ ಮುಖ್ಯಸ್ಥೆ ಹಾಗೂ ತನಿಖಾಧಿಕಾರಿ
ಇಲಾಖೆ

ಪ್ರತಿಗಳು:
೧. ಪುರಸಭೆಯ ಎಲ್ಲ ಸದಸ್ಯರಿಗೆ, ಓದಿದಂತೆ ತಲೆಯಾಡಿಸುವ ಸಲುವಾಗಿ.
೨. ಟೋರ್ಕಿಲ್ ಬಿಸ್ಗೋರ್ ಅವರಿಗೆ, ಹೊಸ ಕಚೇರಿಯ ವಿಳಾಸಕ್ಕೆ. ಅಲ್ಲಿ ಯಾವುದನ್ನೂ ಎಳೆಯದಂತೆ ಕೋರಿಕೆಯೊಂದಿಗೆ.
೩. ಅವರ ತಾಯಿಯವರಿಗೆ, ಮಾಹಿತಿಗಾಗಿ. (ಮಂಗಳವಾರ ಏಣಿಯ ಬಳಿ ಖುದ್ದಾಗಿ ನೀಡಲಾಗಿದೆ.)
೪. ಇಟ್ಟಿಗೆ ಸಂಘದ ಅಧ್ಯಕ್ಷರಿಗೆ, ಕರವಸ್ತ್ರ ಸಮೇತ.
೫. ಎಲ್ನಾ ಅವರಿಗೆ. ಉತ್ತರ ಅಗತ್ಯವಿಲ್ಲ. ದಯವಿಟ್ಟು ಅಗತ್ಯವಿಲ್ಲ.
೬. ಅಸ್ಗೆರ್ ರಾವ್ನ್ ಅವರಿಗೆ. ಹವಾಮಾನ ವರದಿಯನ್ನು ಇನ್ನು ಮುಂದೆ ರೇಡಿಯೋ ನೋಡಿಕೊಳ್ಳುವುದು.
೭. ಸ್ನಾನಗೃಹದ ಒಳಗೋಡೆಗೆ. ಮೊಳೆಗೆ ಸಿಕ್ಕಿಸತಕ್ಕದ್ದು, ಅಂಟಿಸತಕ್ಕದ್ದಲ್ಲ.
೮. ಕಚೇರಿಯ ಕಡತಕ್ಕೆ, ಕಡತ ಒಣಗಿದ ನಂತರ.